ಬಂದೆಪ್ಪನ ಮನೆಯ ಫೋನಕ್ಕ

ಪ್ಲಂಬರಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು, ಆದರೆ ಅದು ಕಾಗದಪತ್ರಗಳ ಬಳಕೆಗೆ ಮಾತ್ರ. ಗಿರಾಕಿಗಳು ಇಟ್ಟ ಹೆಸರು ಬಂದೆಪ್ಪ. ಯಾರು ಕರೆದರೂ ಅವನ ಬಾಯಲ್ಲಿ ಒಂದೇ ಮಾತು: ‘ಬಂದೆ.’ ಈ ‘ಬಂದೆ’ ಎನ್ನುವುದು ವಿಚಿತ್ರ ಸರಕು. ಇನ್ನೂ ಚಾಪೆಯಿಂದ ಏಳದವನೂ ಬಂದೆ ಎನ್ನಬಹುದು, ಅದನ್ನು ಯಾರೂ ಸುಳ್ಳೆಂದು ಹಿಂತಿರುಗಿಸುವುದಿಲ್ಲ. ವ್ಯಾಕರಣದಲ್ಲಿ ಮನುಷ್ಯ ಬಂದು ಮುಟ್ಟಿರುತ್ತಾನೆ. ಬೀದಿಯಲ್ಲಿ ನೋಡಿದರೆ ಇನ್ನೂ ಹೊರಟೇ ಇರುವುದಿಲ್ಲ. ಇವೆರಡರ ನಡುವಿನ ಹೊತ್ತನ್ನು ತುಂಬುವುದು ಅವನ ಹೆಂಡತಿಯ ಕೆಲಸವಾಗಿತ್ತು. ಅವಳನ್ನು ಎಲ್ಲರೂ ಫೋನಕ್ಕ ಎನ್ನುತ್ತಿದ್ದರು.

ಕಬ್ಬಿಣದ ಸಾಮಾನಿನ ಅಂಗಡಿಯ ಮೇಲೆ ಅವರ ಎರಡು ಕೋಣೆಯ ಮನೆ. ಕಿಟಕಿಯ ಕಟ್ಟೆಯ ಮೇಲೆ ಫೋನು. ಅದರ ಸುರುಳಿ ವಯರನ್ನು ಎಳೆದರೆ ಒಲೆಯವರೆಗೆ ಬರುತ್ತಿತ್ತು, ಇನ್ನೂ ಎಳೆದರೆ ಬಟ್ಟೆ ಒಣಹಾಕುವ ಹಗ್ಗದವರೆಗೆ. ಆ ವಯರಿನ ಉದ್ದವೇ ಅವಳ ಹಗಲಿನ ಉದ್ದ. ಮದುವೆಯಾಗಿ ಬಂದ ವರ್ಷದಿಂದ ಅವಳು ಅದರ ಇನ್ನೊಂದು ತುದಿಯಲ್ಲಿದ್ದಳು.

ಗಿರಾಕಿಗಳಿದ್ದದ್ದು ರೈಲು ಹಳಿಯ ಆಚೆಯ ಹಳೇ ಬಡಾವಣೆಯಲ್ಲಿ. ಅಲ್ಲಿಯ ಮನೆಗಳೆಲ್ಲ ಒಟ್ಟಿಗೆ ಕಟ್ಟಿದವು, ಹಾಗಾಗಿ ಒಟ್ಟಿಗೇ ಮುದಿಯಾದವು. ಗೋಡೆಯೊಳಗಿನ ಕಬ್ಬಿಣದ ಪೈಪುಗಳು ಹೊರಗಿನಿಂದ ಕೈಮುಗಿಯುವಷ್ಟು ಗಟ್ಟಿ, ಒಳಗೆ ಕಿರುಬೆರಳು ತೂರದಷ್ಟು ತುಕ್ಕು. ಕೆಲವು ದೊಡ್ಡಮನುಷ್ಯರ ಹಾಗೆ. ಒಂದು ಮನೆಯಲ್ಲಿ ಒಡೆದರೆ ಸಾಕು, ಮಕ್ಕಳಿಗೆ ದಡಾರ ಹರಡಿದಂತೆ ಸಾಲಿಗೆ ಸಾಲೇ ಸೋರುತ್ತಿತ್ತು. ಬೆಳಗಿನ ಹೊತ್ತು ಗೀಸರಿನ ಗೋಳು. ಊಟದ ನಂತರ ಸಿಂಕು ಕಟ್ಟಿಕೊಳ್ಳುವ ಗೋಳು. ಕಮೋಡು ಮಾತ್ರ ನೆಂಟರು ಬಂದ ದಿನವನ್ನೇ ನೋಡಿ ಕೈಕೊಡುತ್ತಿತ್ತು, ಅದಕ್ಕೂ ಮುಖ ನೋಡಿ ಮಣೆ ಹಾಕುವ ಬುದ್ಧಿ.

ಫೋನು ಮಾಡುವವರು ಮಾತಾಡುತ್ತಿರಲಿಲ್ಲ, ಕೂಗುತ್ತಿದ್ದರು. ಏನಾಯಿತು ಎಂದು ಫೋನಕ್ಕ ಯಾವತ್ತೂ ಕೇಳಿದವಳಲ್ಲ.

“ನೀವು ಎಲ್ಲಿ ನಿಂತಿದೀರಿ?”

“ಸೋಫಾ ಮೇಲೆ! ಕೆಳಗೆಲ್ಲ ನೀರು!”

“ಇಳೀರಿ. ನೀರೇ ತಾನೆ, ಹಾವಲ್ಲವಲ್ಲ. ಇಳಿದ್ರಾ? ಈಗ ಫೋನನ್ನ ಮೇಜಿನ ಮೇಲಿಟ್ಟು, ಮೆಟ್ಟಿಲ ತಿರುವಲ್ಲಿ ನೀರು ನಿಲ್ಲಿಸೋ ಹಿಡಿಕೆ ಹುಡುಕಿ, ಬಲಕ್ಕೆ ತಿರುಗಿಸಿ ಬನ್ನಿ. ನಾನು ಇಲ್ಲೇ ಇರ್ತೀನಿ.”

ಅವರು ಹೋಗುತ್ತಿದ್ದರು. ಅಲ್ಲಿಂದ ಫೋನಕ್ಕನ ನಿಜವಾದ ಸಂಪಾದನೆ ಶುರು. ಮೇಜಿನ ಮೇಲೆ ಅಂಗಾತ ಬಿದ್ದ ಫೋನಿನಿಂದ ಆ ಮನೆಯೆಲ್ಲ ನಿಧಾನವಾಗಿ ಅವಳ ಕಿವಿಗೆ ಇಳಿಯುತ್ತಿತ್ತು. ಗೋಡೆ ಗಡಿಯಾರ, ಒಳಕೋಣೆಯಲ್ಲಿ ಯಾರೋ ಕೆಮ್ಮಿದ್ದು, ತಳ ಹಿಡಿಯುತ್ತಿರುವ ಪಾತ್ರೆ, ನೀರಿನಲ್ಲಿ ತೇಲಿ ಕುರ್ಚಿಯ ಕಾಲಿಗೆ ಬಡಿಯುವ ಪ್ಲಾಸ್ಟಿಕ್ ಚೆಂಬು. ಅಷ್ಟನ್ನು ಹಿಡಿದು ಅವಳು ಮನೆ ಕಟ್ಟುತ್ತಿದ್ದಳು. ಕಿಟಕಿಗೆ ಪರದೆ ಹಾಕುತ್ತಿದ್ದಳು, ಹಿತ್ತಿಲಿಗೆ ಬಳ್ಳಿ ಹಬ್ಬಿಸುತ್ತಿದ್ದಳು. ಸಾಲದ್ದಕ್ಕೆ, ವಾಪಸ್ಸು ಬಂದವರನ್ನು “ಆ ಗೋಡೆ ಬಣ್ಣ ಏನು?” ಎಂದು ಕೇಳುತ್ತಿದ್ದಳು. ಪಾಪ, ಜನ ಅದೂ ಕಸುಬಿನ ಪ್ರಶ್ನೆಯೆಂದೇ ತಿಳಿದು, ನೀಲಿ ಗೋಡೆಯ ಸೋರಿಕೆಗೂ ಹಳದಿ ಗೋಡೆಯ ಸೋರಿಕೆಗೂ ಏನೋ ವ್ಯತ್ಯಾಸ ಇರಬೇಕೆಂದು ಗಂಭೀರವಾಗಿ ಉತ್ತರ ಕೊಡುತ್ತಿದ್ದರು.

ಹೀಗೆ ಅವಳೊಳಗೆ ಒಂದು ಇಡೀ ಬಡಾವಣೆ ಎದ್ದು ನಿಂತಿತ್ತು. ನಿಜವಾದದ್ದನ್ನು ಅವಳು ನೋಡಿರಲಿಲ್ಲ. ನೋಡಲು ಏನಡ್ಡಿ? ಸೇತುವೆ ಹತ್ತಿ ಇಳಿದರೆ ಆಯಿತು. “ಬಾರೇ, ಒಂದಿನ ತೋರಿಸ್ಕೊಂಡು ಬರ್ತೀನಿ,” ಎಂದು ಗಂಡ ಕರೆದಾಗಲೆಲ್ಲ, “ಫೋನಿಗೆ ಯಾರು ಕೂತ್ಕೋತಾರೆ ರೀ?” ಎನ್ನುತ್ತಿದ್ದಳು. ಒಳಗುಟ್ಟು ಬೇರೆ: ತಾನು ಕಟ್ಟಿದ ಮನೆಗಳಿಗೆ ನೀರು ಮಂಜಿನ ಹಾಗೆ ಬರುತ್ತಿತ್ತು, ಬೆಳಕು ಯಾವಾಗಲೂ ಸಂಜೆಯದಾಗಿತ್ತು. ಅಂಥದ್ದನ್ನು ಸೇತುವೆ ದಾಟಿಸಿ ಹಾಳುಮಾಡಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

ಎಲ್ಲಕ್ಕಿಂತ ಚಂದದ ಮನೆಯನ್ನು ಅವಳು ಹೊಲಿಗೆ ಟೀಚರಿಗೆ ಕೊಟ್ಟಿದ್ದಳು. ಟೀಚರು ಒಬ್ಬರೇ ಇದ್ದವರು, ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಅವರ ಫೋನಿನಲ್ಲಿ ಹೊಲಿಗೆ ಯಂತ್ರದ ಸದ್ದು ದೂರದ ರೈಲಿನಂತೆ ಕೇಳುತ್ತಿತ್ತು. ಫೋನಕ್ಕನ ಲೆಕ್ಕದಲ್ಲಿ ಅದು ಸುತ್ತುಮೆಟ್ಟಿಲಿನ, ನವಿಲುಬಣ್ಣದ ಗೋಡೆಯ ಮನೆ.

ಕೇಡಾದದ್ದೂ ಅಲ್ಲೇ. ಒಂದು ಮಧ್ಯಾಹ್ನ ಟೀಚರ ಮನೆಯ ಮಹಡಿಯಲ್ಲಿ ಮುಖ ತೊಳೆಯುವ ಬೇಸಿನ್ನಿನ ಕೆಳಗಿನ ಪೈಪು ಒಡೆಯಿತು. ಫೋನು ಕೆಳಗಡೆ ಹೊಲಿಗೆ ಕೋಣೆಯಲ್ಲಿ. ಫೋನಕ್ಕ ಎಂದಿನಂತೆ ಹಿಡಿಕೆ ತಿರುಗಿಸಲು ಕಳಿಸಿದಳು. ಹಿಡಿಕೆ ತುಕ್ಕು ಹಿಡಿದು ಕಲ್ಲಾಗಿತ್ತು. ಅದನ್ನು ಹೇಳೋಣವೆಂದು ಟೀಚರು ಏದುಸಿರು ಬಿಡುತ್ತ ಇಳಿದು ಬರುವಷ್ಟರಲ್ಲಿ, ಗೇಟಿನ ಬಳಿ ಚೀಲ ನೇತುಹಾಕಿಕೊಂಡ ಒಬ್ಬ ಗಂಡಸು ಕಂಡ. ಬಂದೆಪ್ಪನೇ ಹೊಸ ಆಳೊಬ್ಬನನ್ನು ಕಳಿಸಿರಬೇಕು ಅಂದುಕೊಂಡು ಅವರ ಜೀವ ತಣ್ಣಗಾಯಿತು. ಫೋನೆತ್ತಿಕೊಂಡರು.

ನಲ್ಲಿ ಮುಚ್ಚಿದ್ದಾಯಿತೇ ಎಂಬ ಅರ್ಥದಲ್ಲಿ ಫೋನಕ್ಕ ಕೇಳಿದಳು: “ಬಂದ್ ಆಯ್ತಾ?”

ಮೇಲೆ ನೀರಿನ ಭೋರ್ಗರೆತ. ಟೀಚರಿಗೆ ಕೇಳಿಸಿದ್ದು, ಆಳು ಬಂದು ಮುಟ್ಟಿದನೇ ಎಂದು: “ಬಂದಾಯ್ತಾ?”

“ಹೂಂ, ಹೂಂ, ಬಂದಾಯ್ತು! ಇಡ್ತೀನಿ!”

ಹೇಳಿದವರು ಸುಳ್ಳು ಹೇಳಲಿಲ್ಲ, ಕೇಳಿದವರು ತಪ್ಪು ಕೇಳಲಿಲ್ಲ. ಒಂದೇ ಮಾತು ಆ ಕಡೆಯವರಿಗೆ ಬಾಗಿಲು ತೆರೆಯಿತು, ಈ ಕಡೆಯವರಿಗೆ ನಲ್ಲಿ ಮುಚ್ಚಿತು. ಫೋನಕ್ಕ ಗಂಡನ ಮೊಬೈಲಿಗೆ ಮಾಡಿ, “ಟೀಚರ ಮನೇಲಿ ಬಂದ್ ಮಾಡಿದಾರೆ ರೀ, ಕೈಲಿರೋ ಕೆಲಸ ಮುಗಿಸ್ಕೊಂಡೇ ಹೋಗಿ,” ಎಂದಳು. ಅವನು “ಬಂದೆ” ಎಂದ. ಹೆಂಡತಿಗೂ ಅದೇ ಮಾತು.

ಚೀಲದ ಗಂಡಸು ಕರೆಂಟಿನ ಮೀಟರು ನೋಡುವವನು. ಅವನ ಉದ್ಯೋಗದಲ್ಲಿ ಯಾರೂ ಅವನನ್ನು ಇಷ್ಟು ಆದರದಿಂದ ಒಳಗೆ ಕರೆದವರಿರಲಿಲ್ಲ. ಕೈಹಿಡಿದು ಮಹಡಿಗೆ ಎಳೆದುಕೊಂಡು ಹೋದ ಟೀಚರಿಗೆ ಅವನು, “ಅಮ್ಮಾ, ನಾನು ಕರೆಂಟಿನವನು,” ಎಂದ. “ಯಾವನಾದ್ರೇನಪ್ಪ, ಹಿಡ್ಕೋ!” ಎಂದರು ಟೀಚರು. ಪಾಪ ಹಿಡಿದ. ಎರಡು ಅಂಗೈಯಲ್ಲಿ ಪೈಪನ್ನು ಅದುಮಿಕೊಂಡು, ಕನ್ನಡಿಯಲ್ಲಿ ತನ್ನದೇ ತೊಯ್ದ ಮುಖ ನೋಡುತ್ತ, ಟ್ಯಾಂಕು ಖಾಲಿಯಾಗುವವರೆಗೂ ನಿಂತಿದ್ದ. ನೀರೇನು ಅವನ ಮುಲಾಜು ನೋಡುತ್ತದೆಯೇ? ಬೆರಳಿನ ಸಂದಿಯಿಂದ ನುಗ್ಗಿ ಮೆಟ್ಟಿಲಿಳಿದು ಹೊಲಿಗೆ ಕೋಣೆಗೆ ಹೋಯಿತು. ಅಲ್ಲಿ ಬಿಳಿ ಅಂಗಿಗಳ ರಾಶಿ, ಪಕ್ಕದಲ್ಲಿ ಕಡುಗೆಂಪು ಲಂಗಗಳ ರಾಶಿ. ಕೆಂಪು ಬಣ್ಣ ಬಿಟ್ಟಿತು. ಬಂದೆಪ್ಪ ಬರುವ ಹೊತ್ತಿಗೆ ಬಿಳಿ ಅಂಗಿಗಳೆಲ್ಲ ನಾಚಿಕೊಂಡು ಕೂತಿದ್ದವು.

ಅಂದು ಸಂಜೆ ಮೈದುನ ಬಾಯಿ ತೆರೆದ. ಅವನು ಬಂದೆಪ್ಪನ ತಮ್ಮ, ಅಣ್ಣನ ಜೊತೆಗೇ ಕೆಲಸ. ಚುರುಕು ಕೈ, ಅದಕ್ಕಿಂತ ಚುರುಕು ಮೊಬೈಲು.

“ಅತ್ತಿಗೆ, ತಪ್ಪು ತಿಳ್ಕೋಬೇಡಿ. ಮಧ್ಯೆ ಒಬ್ಬರು ಮಾತು ದಾಟಿಸೋದ್ಯಾಕೆ? ಗಿರಾಕಿ ನೇರವಾಗಿ ನನ್ ಹತ್ರನೇ ಮಾತಾಡ್ಲಿ. ಈ ಫೋನಿಗೆ ಬಂದದ್ದು ನನ್ನ ಮೊಬೈಲಿಗೆ ಹೋಗೋ ಹಾಗೆ ಮಾಡ್ತೀನಿ.”

“ಕಮೋಡಿಗೆ ಕೈ ಹಾಕ್ಕೊಂಡು ಮಾತಾಡ್ತೀಯೇನಪ್ಪ?”

“ಸ್ಪೀಕರ್ ಹಾಕ್ತೀನಿ.”

“ಯಾವುದಕ್ಕೆ, ಕಮೋಡಿಗಾ?”

ಮೈದುನ ನಕ್ಕ, ಆದರೆ ಮಾತು ಹಿಂತೆಗೆಯಲಿಲ್ಲ. ಫೋನಕ್ಕ ಗಂಡನ ಕಡೆ ನೋಡಿದಳು. ಅವನು ಗೋಡೆಯ ಕಡೆ ನೋಡಿದ. “ಸ್ವಲ್ಪ ದಿನ ನೋಡೋಣ ಕಣೇ,” ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನು ಪಳಗಿದವನು. ಮೈದುನ ಫೋನಿನ ಗುಂಡಿಗಳನ್ನು ಏನೇನೋ ಒತ್ತಿದ. ಅದು ಮೂಕವಾಯಿತು.

ಮಾರನೆಯ ಬೆಳಗ್ಗೆಯಿಂದ ಫೋನಕ್ಕನ ವಯರು ಸುರುಳಿ ಸುತ್ತಿಕೊಂಡು ಬೆಕ್ಕಿನ ಹಾಗೆ ಮಲಗಿತು. ಅವಳು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಅದೇ ಕಷ್ಟ. ಒಲೆಯ ಹತ್ತಿರ ನಿಂತರೆ ಕಿವಿ ಕಿಟಕಿಯ ಹತ್ತಿರ ಇರುತ್ತಿತ್ತು. ಮೆಲ್ಲಗೆ ಅವಳ ಬಡಾವಣೆ ಮಾಸತೊಡಗಿತು. ಮೊದಲು ಹಿಂದಿನ ಬೀದಿಯ ಬಳ್ಳಿಗಳು ಹೋದವು. ಆಮೇಲೆ ಗಡಿಯಾರಗಳು ಒಂದೊಂದಾಗಿ ನಿಂತವು. ಮಧ್ಯಾಹ್ನ ಕಣ್ಣು ಹತ್ತಿದರೆ, ಮನೆಗಳೆಲ್ಲ ಬುಡ ಬಿಟ್ಟು ನೀರಿನ ಮೇಲೆ ತೇಲಿ ಹೋಗುತ್ತಿದ್ದವು. ಪ್ರತಿ ಮನೆಯ ಮೇಜಿನ ಮೇಲೂ ಫೋನು ಅಂಗಾತ ಬಿದ್ದಿರುತ್ತಿತ್ತು, ಅದರೊಳಗೆ ತನ್ನದೇ ದನಿ ಸಣ್ಣಗೆ, “ನಾನು ಇಲ್ಲೇ ಇರ್ತೀನಿ, ನಾನು ಇಲ್ಲೇ ಇರ್ತೀನಿ” ಎನ್ನುತ್ತಿತ್ತು. ಕೇಳುವವರಿರಲಿಲ್ಲ. ಎಚ್ಚರವಾದಾಗ ದಿಂಬು ಒದ್ದೆ. ಬೆವರು ಎಂದು ತನಗೆ ತಾನೇ ಹೇಳಿಕೊಂಡಳು.

ಒಂದು ದಿನ ಸೀರೆ ಬದಲಾಯಿಸಿ ಸೇತುವೆ ಹತ್ತಿದಳು. ತಾನು ಕಟ್ಟಿದ ಆ ಚಂದದ ಮನೆ ಹೋಗುವುದಿದ್ದರೆ ಹೋಗಲಿ, ಟೀಚರ ಮುಂದೆ ನಿಂತು ಒಂದು ಮಾತು ಹೇಳದಿದ್ದರೆ ತನಗೆ ಅನ್ನ ಇಳಿಯುವುದಿಲ್ಲ ಎನಿಸಿತ್ತು.

ಆಚೆ ಬದಿಯ ಬಡಾವಣೆಯಲ್ಲಿ ಏನೂ ಇರಬೇಕಾದಲ್ಲಿ ಇರಲಿಲ್ಲ. ತಾನು ಹಿತ್ತಿಲು ಕೊಟ್ಟ ಕಡೆ ಸೈಕಲ್ ಅಂಗಡಿ ಇತ್ತು. ಗೋಡೆಗಳ ಮೇಲೆ ಒದ್ದೆ ಕಲೆಗಳು ಯಾವುದೋ ದೇಶದ ನಕಾಶೆಯ ಹಾಗೆ ಹಬ್ಬಿದ್ದವು. ಬಿಸಿಲು ಬೆಳ್ಳಗೆ, ಯಾವ ಮುಲಾಜೂ ಇಲ್ಲದೆ ಬಿದ್ದಿತ್ತು. ಆದರೂ ನಡೆಯುತ್ತ ಹೋದಂತೆ, ಒಂದು ಮುಚ್ಚಿದ ಕಿಟಕಿಯ ಹಿಂದೆ ಅವಳಿಗೆ ಗೊತ್ತಿದ್ದ ಕೆಮ್ಮು ಕೇಳಿತು. ಇನ್ನೊಂದು ಮನೆಯ ಗಡಿಯಾರ ತಡವಾಗಿ ಹೊಡೆಯಿತು. ಅದು ತಡವಾಗಿಯೇ ಹೊಡೆಯುವುದು ಎಂದು ಅವಳಿಗೆ ಗೊತ್ತಿತ್ತು. ಕಣ್ಣಿಗೆ ಅಪರಿಚಿತವಾದ ಬೀದಿಯಲ್ಲಿ ಕಿವಿಯ ಕೈಹಿಡಿದುಕೊಂಡು, ನಿದ್ದೆಯಲ್ಲಿ ನಡೆಯುವವಳಂತೆ ನಡೆದಳು.

ದೂರದ ರೈಲಿನ ಸದ್ದು ಬಂದಲ್ಲಿ ನಿಂತಳು. ಬೂದು ಬಣ್ಣದ ಇಕ್ಕಟ್ಟಾದ ಮನೆ. ಬಾಗಿಲು ತೆರೆದವರು ಟೇಪನ್ನು ಕೊರಳಿಗೆ ಹಾಕಿಕೊಂಡ ತೆಳ್ಳನೆಯ ಹೆಂಗಸು.

“ಯಾರು ಬೇಕಿತ್ತು?”

“ಟೀಚರ್... ನಾನು.”

ಟೀಚರ ಕಣ್ಣು ಅರಳಿತು. “ಅಯ್ಯೋ, ಫೋನಕ್ಕ! ನೀವು ಇಷ್ಟು ಕುಳ್ಳಗಿದೀರಾ? ದನಿ ಕೇಳಿದ್ರೆ ಬಾಗಿಲಿಗೆ ತಲೆ ತಾಗುತ್ತೆ ಅಂದ್ಕೊಂಡಿದ್ದೆ. ಬನ್ನಿ ಬನ್ನಿ.”

ಒಳಗೆ ಮೆಟ್ಟಿಲು ನೆಟ್ಟಗಿತ್ತು. ಗೋಡೆಗೂ ನವಿಲಿಗೂ ಸಂಬಂಧವಿರಲಿಲ್ಲ.

“ಬಣ್ಣ ನೋಡ್ತಿದೀರಾ?” ಟೀಚರು ನಕ್ಕರು. “ನೀವು ಕೇಳೋವಾಗ ಅಷ್ಟು ಆಸೆಯಿಂದ ಕೇಳ್ತಿದ್ರಿ. ಸುಣ್ಣ ಅಂತ ಹೇಳೋಕೆ ಬಾಯಿ ಬರ್ಲಿಲ್ಲ, ನವಿಲುಬಣ್ಣ ಅಂದ್ಬಿಟ್ಟೆ ನೋಡಿ.”

“ನನ್ನಿಂದ ನಿಮ್ಮ ಬಟ್ಟೆಯೆಲ್ಲ ಹಾಳಾಯ್ತು ಟೀಚರ್. ಬಂದ್ ಆಯ್ತಾ ಅಂತ ಕೇಳಿದೋಳು ನಾನು...”

“ಬಂದಾಯ್ತು ಅಂದೋಳು ನಾನು. ಇಬ್ರೂ ಸರಿಯಾಗೇ ಮಾತಾಡಿದೀವಿ, ಭಾಷೆಯದೇ ತಪ್ಪು ಬಿಡಿ. ಆ ಮೀಟರಿನವನ ಗತಿ ಕೇಳಿ. ಪಾಪ, ಈ ಬೀದಿಗೆ ಬಂದ್ರೆ ಈಗ ಗೇಟಿನಿಂದಾನೇ ಇಣುಕಿ ನೋಡಿ ಹೋಗ್ತಾನೆ.”

ಇಬ್ಬರೂ ನಕ್ಕರು. ಆದರೆ ಕೋಣೆಯ ಮೂಲೆಯಲ್ಲಿ ಹೊಸ ಬಿಳಿ ಬಟ್ಟೆಯ ರಾಶಿ ಇತ್ತು. ಶಾಲೆಯವರು ಮತ್ತೆ ಹೊಲಿದುಕೊಡಿ ಎಂದಿದ್ದರು, ರಜೆ ಮುಗಿಯುವುದರೊಳಗೆ. ಟೀಚರ ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಕೆಂಪಗಿದ್ದವು.

“ಗುಂಡಿ, ಕಾಜ ನಾನು ಮಾಡ್ತೀನಿ,” ಎಂದಳು ಫೋನಕ್ಕ. “ಈಗ ಕೈ ಎರಡೂ ಖಾಲಿ ಇವೆ. ಫೋನು ಮೈದುನನ ಪಾಲಾಯ್ತು.”

ಟೀಚರು ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆ ತೆಗೆದರು. ಅಂದಿನಿಂದ ಅವಳು ಮಧ್ಯಾಹ್ನವೆಲ್ಲ ಅಲ್ಲೇ. ಯಂತ್ರದ ರೈಲು ಪಕ್ಕದಲ್ಲೇ ಓಡುತ್ತಿತ್ತು, ಅವಳು ಗುಂಡಿ ಹಚ್ಚುತ್ತಿದ್ದಳು. ಗುಂಡಿಯಿಂದ ಗುಂಡಿಗೆ ದಾರ ಎಳೆಯುವಾಗ ಕಣ್ಣು ಕಿಟಕಿಯಾಚೆ ಹೋಗುತ್ತಿತ್ತು. ಆ ಬೋಳು ಬೀದಿಯೂ ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಸಂಜೆಯ ಬಣ್ಣಕ್ಕೆ ತಿರುಗಿತು. ಆದರೆ ಅಕ್ಕಪಕ್ಕದ ಮನೆಯಲ್ಲಿ ಫೋನು ಹೊಡೆದುಕೊಂಡರೆ ಅವಳ ಸೂಜಿ ನಿಲ್ಲುತ್ತಿತ್ತು. ಟೀಚರು ಅದನ್ನು ನೋಡಿಯೂ ನೋಡದವರ ಹಾಗೆ ಯಂತ್ರ ತುಳಿಯುತ್ತಿದ್ದರು.

ಅತ್ತ ಮೈದುನನ ರಾಜ್ಯಭಾರ ನಡೆದಿತ್ತು. ಏಣಿಯ ಮೇಲಿದ್ದಾಗ ಫೋನು, ಬೇಸಿನ್ನಿನ ಕೆಳಗೆ ಮಲಗಿದ್ದಾಗ ಫೋನು. ಒಬ್ಬರ ಮನೆಯ ಪೈಪು ಬಿಚ್ಚಿಟ್ಟು ಇನ್ನೊಬ್ಬರ ಗೋಳು ಕೇಳಬೇಕು. “ಮೇನ್ ಮುಚ್ಚಿ, ಮೇನ್ ಮುಚ್ಚಿ” ಎಂದು ಕೂಗಿ ಕೂಗಿ ಗಂಟಲು ಕಟ್ಟಿತ್ತು. ಕಡೆಗೊಂದು ಬೆಳಗ್ಗೆ, ಯಾರದೋ ತಾರಸಿಯ ಟ್ಯಾಂಕಿನೊಳಗೆ ಬಗ್ಗಿ ಫ್ಲೋಟಿನ ಚೆಂಡು ಸರಿಮಾಡುತ್ತ, ಭುಜಕ್ಕೂ ಕಿವಿಗೂ ನಡುವೆ ಮೊಬೈಲು ಸಿಕ್ಕಿಸಿಕೊಂಡು ಗಿರಾಕಿಯೊಬ್ಬಳನ್ನು ಗದರುತ್ತಿದ್ದಾಗ, ಮೊಬೈಲು ಗುಳುಂ ಎಂದಿತು. ಟ್ಯಾಂಕಿನ ತಳದಲ್ಲಿ ಅದು ಒಂದು ಕ್ಷಣ ನೀಲಿಯಾಗಿ ಬೆಳಗಿ, ಆ ಗಿರಾಕಿಯ ದನಿಯ ಸಮೇತ ಆರಿತು.

ಬಡಾವಣೆಯ ಕರೆಗಳೆಲ್ಲ ಈಗ ನೀರಿನೊಳಗೆ ಹೋಗುತ್ತಿದ್ದವು. ಒಡೆದ ಪೈಪು ಕಾಯುತ್ತದೆಯೇ? ಜನ ಅಂಗಡಿಯ ಮೇಲೆ ತಗುಲಿಸಿದ್ದ ಪ್ಲಂಬರ್ ಬೋರ್ಡು ನೆನಪಿಸಿಕೊಂಡು, ಸೇತುವೆ ಹತ್ತಿ, ನೇರ ಮನೆಗೇ ಬಂದರು. ಫೋನಕ್ಕ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಸಾಲು. ಯಾರದೋ ಪ್ಯಾಂಟು ಮಂಡಿಯವರೆಗೆ ಮಡಚಿತ್ತು, ಯಾರ ಕೈಯಲ್ಲೋ ಮುರಿದ ನಲ್ಲಿಯೇ ಇತ್ತು. ಒಬ್ಬರ ಮುಖವೂ ಅವಳಿಗೆ ಗೊತ್ತಿಲ್ಲ.

ಮುಂದಿದ್ದ ಸಣಕಲು ಮುದುಕರೊಬ್ಬರು, “ನಮ್ಮನೇಲಿ ನೀರು ನಿಲ್ತಾನೇ ಇಲ್ಲಮ್ಮ,” ಎಂದರು.

“ತಪ್ಪು ತಿಳ್ಕೋಬೇಡಿ. ಒಂದ್ಸಲ ಆ ಕಡೆ ತಿರುಗಿ ಹಲೋ ಅನ್ನಿ.”

ಮುದುಕರು ಗಲಿಬಿಲಿಗೊಂಡು, ಗೋಡೆಗೆ ಮುಖ ಮಾಡಿ, ಮೆಟ್ಟಿಲೇ ನಡುಗುವಂತೆ “ಹಲೋ!” ಎಂದರು.

“ಓ, ಗೊರಕೆ ಹೊಡೆಯೋ ಫ್ಲಶ್ಶಿನ ಮನೆ! ಪೋಸ್ಟ್‌ಮಾಸ್ಟರ್ ಅಲ್ವಾ? ದನಿಗೆ ತಕ್ಕ ಹಾಗೆ ಒಂದ್ಸ್ವಲ್ಪ ಊಟ ಮಾಡ್ಬಾರದಾ ಸಾರ್? ಟ್ಯಾಂಕಿನ ಮುಚ್ಚಳ ತೆಗೆದು ಒಳಗಿನ ಚೆಂಡನ್ನ ಮೇಲಕ್ಕೆತ್ತಿ, ದಾರ ಕಟ್ಟಿಡಿ. ಸಂಜೆವರೆಗೆ ತಡೆಯುತ್ತೆ.”

ಸುದ್ದಿ ಮೆಟ್ಟಿಲ ಕೆಳಗಿನವರೆಗೂ ಹೋಯಿತು. ಒಬ್ಬೊಬ್ಬರೂ ಸರದಿ ಬಂದಾಗ ತಾವಾಗಿಯೇ ಗೋಡೆಗೆ ತಿರುಗಿ ಹಲೋ ಎನ್ನತೊಡಗಿದರು. ಒಂದೊಂದು ದನಿಗೂ ಒಂದೊಂದು ಮುಖ ಹುಟ್ಟುತ್ತಿತ್ತು. ಬೇಕರಿಯವಳ ರೆಪ್ಪೆಯ ಮೇಲೆ ಹಿಟ್ಟು ಇತ್ತು. ಕೆಮ್ಮಿನ ಮನೆಯವನು ಕೆಮ್ಮುತ್ತಲೇ ನಗುತ್ತಿದ್ದ. ಅಳುಬುರುಕಿ ಹೆಂಗಸೊಬ್ಬಳು ಮೆಟ್ಟಿಲ ಮೇಲೇ ನಿಂತು ಬಿಕ್ಕಿದಳು.

“ಮನೆಯೆಲ್ಲ ನೀರು ಅಕ್ಕಾ...”

ಬಾಯಿ ರೂಢಿಯಂತೆ ಕೇಳಿಬಿಟ್ಟಿತು: “ನೀವು ಎಲ್ಲಿ ನಿಂತಿದೀರಿ?”

“ನಿಮ್ಮ ಮುಂದೆನೇ.”

ಫೋನಕ್ಕ ಅವಳ ಕೈಹಿಡಿದಳು. ಆ ಕೈಯೂ ಒದ್ದೆಯಾಗಿತ್ತು. ತೇಲಿಹೋದ ಬಡಾವಣೆ ನೀರಿನ ಮೇಲೆ ಹಾಗೇ ತಿರುಗಿ ಬಂದು ತನ್ನ ಮೆಟ್ಟಿಲಿಗೆ ತಾಗಿ ನಿಂತಂತೆ ಅವಳಿಗೆ ಕಂಡಿತು.

ಜನರ ನಡುವೆ ದಾರಿ ಮಾಡಿಕೊಂಡು ಮೈದುನ ಹತ್ತಿ ಬಂದ. ಅಂಗಿ ತೊಟ್ಟಿಕ್ಕುತ್ತಿತ್ತು, ಹಿಂದೆ ಬಂದೆಪ್ಪ. ಮೈದುನ ನೇರ ಕಿಟಕಿಯ ಹತ್ತಿರ ಹೋಗಿ, ಫೋನಿನ ಗುಂಡಿಗಳನ್ನು ಒತ್ತಿ, ಅದರ ಬಾಯಿ ಬಿಡಿಸಿದ.

“ತಗೊಳ್ಳಿ ಅತ್ತಿಗೆ. ನಂಗೆ ಸಾಕಾಯ್ತು.”

ಕೈಗೆ ಬಂದ ಮೇಲೂ ಅವಳು ಅವಸರ ಮಾಡಲಿಲ್ಲ. ಬೇಕಾದ್ದು ಸಿಕ್ಕಿದಾಗಲೇ ಚೌಕಾಸಿ ಚೆನ್ನಾಗಿ ನಡೆಯುವುದು. “ಬೆಳಗ್ಗೆ ನಾನು ಕೂರ್ತೀನಿ. ಮಧ್ಯಾಹ್ನ ಟೀಚರ ಮನೇಲಿ ಗುಂಡಿ ಹಚ್ಚೋದಿದೆ, ಆಗ ನೀನು ಕೂತ್ಕೋಬೇಕು. ‘ಬಂದ್’ ಅನ್ನೋ ಮಾತು ಈ ಮನೇಲಿ ಯಾರೂ ಆಡಕೂಡ್ದು. ‘ಮುಚ್ಚಿದ್ರಾ’ ಅಂತ ಕೇಳ್ಬೇಕು.”

“ಮಧ್ಯಾಹ್ನ ನಂಗೆ ಕೆಲಸ ಇರುತ್ತಲ್ಲ ಅತ್ತಿಗೆ!”

“ಇದೂ ಕೆಲಸಾನೇ ಕಣಪ್ಪ,” ಎಂದ ಬಂದೆಪ್ಪ, ಈ ಸಲ ಗೋಡೆಯ ಕಡೆ ನೋಡದೆ.

ಮರುದಿನ ಅವಳು ಸೇತುವೆ ಇಳಿದು ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ದೀಪ ಹಾಕಿರಲಿಲ್ಲ. ಮೈದುನ ಕಿಟಕಿಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತು, ಫೋನನ್ನು ಕಿವಿಗೆ ಒತ್ತಿಕೊಂಡಿದ್ದ. ಅವಳನ್ನು ಕಂಡು ಸದ್ದು ಮಾಡಬೇಡಿ ಎಂದು ಕೈ ಸನ್ನೆ ಮಾಡಿದ. ಆಮೇಲೆ, ಮಲಗಿದ ಮಗುವನ್ನು ಇಳಿಸುವವನಂತೆ, ಫೋನನ್ನು ಇಳಿಸಿದ.

“ಯಾರೋ ಪಿಟೀಲು ಬಾರಿಸ್ತಿದ್ರು ಅತ್ತಿಗೆ. ಒಳಗಡೆ ಎಲ್ಲೋ. ಫೋನ್ ಮಾಡಿದೋರು ಮುಚ್ಚಿ ಬರ್ತೀನಿ ಅಂತ ಹೋದ್ರು, ಬಂದ್ರು, ಮುಚ್ಚಿದೆ ಅಂದ್ರು. ಸ್ವಲ್ಪ ಹಾಗೇ ಹಿಡ್ಕೊಂಡಿರಿ ಅಂದೆ. ಹಿಡ್ಕೊಂಡ್ರು ಪಾಪ.”

“ಯಾವ ಮನೆ ಅದು?”

ಮೈದುನ ತಲೆ ಕೆರೆದುಕೊಂಡ.

“ಅದೊಂದು ಕೇಳ್ಲಿಲ್ಲ.”